ಮನಸ್ಸನ್ನು ಅಳೆಯಲು ಹೊರಟವರು: ಕಾಗ್ನಿಟಿವ್ ಸೈಕಾಲಜಿಯ ಆರಂಭದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಡ್. ಓದುವವರು, ಡಿಗ್ರಿಯಲ್ಲಿ ಸೈಕಾಲಜಿ ತಗೊಂಡವರು, ಸುಮ್ನೆ ಕುತೂಹಲಕ್ಕೆ ಓದುವವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಗೈಡ್ ಪುಸ್ತಕಗಳಲ್ಲಿ ಹೆಸರು, ಇಸವಿ ಸಿಗುತ್ತವೆ. ಆ ಜನ ನಿಜವಾಗಿ ಏನು ಮಾಡಿದರು ಅನ್ನೋದು ಮಾತ್ರ ಸಿಗುವುದಿಲ್ಲ. ಇಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಾಗ್ನಿಟಿವ್ ಸೈಕಾಲಜಿ ಅಂದರೇನು? ಕನ್ನಡದಲ್ಲಿ ಏನನ್ನಬೇಕು?

ನೋಡುವುದು, ಗಮನ ಕೊಡುವುದು, ನೆನಪಿಡುವುದು, ಮಾತಾಡುವುದು, ಯೋಚಿಸುವುದು, ಇವೆಲ್ಲ ತಲೆಯೊಳಗೆ ಹೇಗೆ ನಡೆಯುತ್ತವೆ ಎಂದು ಪ್ರಯೋಗ ಮಾಡಿ ತಿಳಿಯುವ ವಿಭಾಗ ಇದು. ಪಠ್ಯಪುಸ್ತಕಗಳಲ್ಲಿ 'ಸಂಜ್ಞಾನಾತ್ಮಕ ಮನೋವಿಜ್ಞಾನ', 'ಜ್ಞಾನಾತ್ಮಕ ಮನೋವಿಜ್ಞಾನ' ಎಂದೆಲ್ಲ ಇರುತ್ತದೆ. 'ಅರಿವಿನ ಮನೋವಿಜ್ಞಾನ' ಅಂದರೂ ನಡೆಯುತ್ತದೆ. ಒಂದು ಸ್ವಾರಸ್ಯ ಇದೆ: 'ಕಾಗ್ನಿಷನ್' ಪದದ ಲ್ಯಾಟಿನ್ ಬೇರೂ ನಮ್ಮ 'ಜ್ಞಾನ'ದ ಸಂಸ್ಕೃತ ಬೇರೂ ಬಹಳ ಹಿಂದೆ ಒಂದೇ. ಹಾಗಾಗಿ ಯಾವ ಪದ ಬಳಸಿದರೂ ಮನೆಯವರನ್ನೇ ಕರೆದಂತೆ.

ಇದು ಹುಟ್ಟಿದ್ದು 1956ರಲ್ಲಾ, 1967ರಲ್ಲಾ? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ.

ಎರಡಕ್ಕೂ ಕಾರಣ ಇದೆ, ಕೆಳಗೆ ಬರುತ್ತದೆ. ಆದರೆ ಕಣ್ಣಿಗೆ ಕಾಣದ ಮನಸ್ಸನ್ನು ಯಾವುದಾದರೂ ಉಪಾಯದಿಂದ ಅಳೆಯುವ ಕೆಲಸ 19ನೇ ಶತಮಾನದಲ್ಲೇ ಶುರುವಾಗಿತ್ತು. ಪರೀಕ್ಷೆಯಲ್ಲಿ 1956 ಬರೆಯಿರಿ, ಮಾರ್ಕ್ಸ್ ಸಿಗುತ್ತದೆ. ತಿಳಿದುಕೊಳ್ಳಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹಾಗಾದರೆ ಮೊದಲು ಅಳೆದವರು ಯಾರು?

ಜರ್ಮನಿಯ ಹೆಲ್ಮ್‌ಹೋಲ್ಟ್ಸ್‌ನಿಂದ ಶುರುಮಾಡೋಣ. ನರದಲ್ಲಿ ಸಂದೇಶ ಹೋಗುವ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ಅವನ ಗುರು ಮ್ಯೂಲರ್ ನಂಬಿದ್ದ. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದೇಬಿಟ್ಟ. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಹೈವೇಯಲ್ಲಿ ಓಡುವ ಕಾರಿನ ವೇಗ, ಅಷ್ಟೇ! ಮಿಂಚಿನಂತೆ ಅಂದುಕೊಂಡಿದ್ದವರಿಗೆ ಇದು ದೊಡ್ಡ ಆಘಾತ. ಆದರೆ ಒಂದು ಬಾಗಿಲು ತೆರೆಯಿತು. ನರಕ್ಕೆ ಸಮಯ ಹಿಡಿಯುತ್ತದೆ ಎಂದಾದರೆ ಯೋಚನೆಗೂ ಹಿಡಿಯಬೇಕಲ್ಲ?

ಹಾಲೆಂಡಿನ ಯೂಟ್ರೆಕ್ಟ್‌ನಲ್ಲಿದ್ದ ಕಣ್ಣಿನ ವೈದ್ಯ ಡಾಂಡರ್ಸ್ ಆ ಬಾಗಿಲಲ್ಲಿ ಒಳಗೆ ಹೋದ. ಜನರ ಪಾದಕ್ಕೆ ಸಣ್ಣ ವಿದ್ಯುತ್ ಚುರುಕು ಮುಟ್ಟಿಸುವುದು, ಯಾವ ಕಡೆಯ ಪಾದವೋ ಆ ಕಡೆಯ ಕೈಯಿಂದ ಉತ್ತರಿಸಬೇಕು. ಒಂದು ಸಲ ಯಾವ ಪಾದ ಎಂದು ಮೊದಲೇ ಹೇಳಿರುತ್ತಿದ್ದರು, ಇನ್ನೊಂದು ಸಲ ಹೇಳುತ್ತಿರಲಿಲ್ಲ. ಗೊತ್ತಿಲ್ಲದಾಗ ಸೆಕೆಂಡಿನ 15ನೇ ಒಂದು ಭಾಗದಷ್ಟು ಜಾಸ್ತಿ ಹಿಡಿಯಿತು. 'ಎಡವೋ ಬಲವೋ' ಎಂದು ತೀರ್ಮಾನಿಸಲು ಬೇಕಾದ ಸಮಯವೇ ಅದು ಎಂದ ಡಾಂಡರ್ಸ್. ತುಂಬಿದ ಸಿಲಿಂಡರ್ ತೂಕದಲ್ಲಿ ಖಾಲಿ ಸಿಲಿಂಡರ್ ತೂಕ ಕಳೆದರೆ ಗ್ಯಾಸ್ ಎಷ್ಟಿದೆ ಎಂದು ಗೊತ್ತಾಗುತ್ತದಲ್ಲ, ಅದೇ ಲೆಕ್ಕ. ಗ್ಯಾಸ್ ಕಾಣಬೇಕಾಗಿಲ್ಲ. 1868ರಲ್ಲಿ ಪ್ರಕಟವಾದ ಈ ಕಳೆಯುವ ಲೆಕ್ಕದ ಮೇಲೆ ಇವತ್ತಿಗೂ ಎಷ್ಟೋ ಪ್ರಯೋಗಗಳು ನಿಂತಿವೆ. ನನ್ನ ಮಟ್ಟಿಗೆ ಇಡೀ ಕಥೆಯ ಮೊದಲ ಪುಟ ಇದೇ.

ಮನೋವಿಜ್ಞಾನದ ಪಿತಾಮಹ ವುಂಟ್ ಅಲ್ವಾ?

1879ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲ ಪ್ರಯೋಗಶಾಲೆ ಕಟ್ಟಿದವನು ವುಂಟ್. ಅದು ಸರಿ. ಅವನ ನಂತರ ಬಂದವರು, ಅದರಲ್ಲೂ ಅಮೆರಿಕದ ಕಾರ್ನೆಲ್‌ನಲ್ಲಿದ್ದ ಶಿಷ್ಯ ಟಿಚನರ್, ಅಂತರಾವಲೋಕನವನ್ನೇ ಮುಖ್ಯ ಉಪಕರಣ ಮಾಡಿಕೊಂಡರು. ಅಂದರೆ ತರಬೇತಿ ಪಡೆದವರು ತಮ್ಮ ಮನಸ್ಸಿನಲ್ಲಿ ಆ ಕ್ಷಣ ಏನಾಗುತ್ತಿದೆ ಎಂದು ತಾವೇ ನೋಡಿ ಹೇಳುವುದು.

ಇದು ಮುರಿದುಬಿದ್ದದ್ದು ಒಂದು ಚಿಕ್ಕ ಪ್ರಯೋಗದಿಂದ ಅನ್ನಬಹುದು. ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ 1901ರಲ್ಲಿ ಮಾರ್ಬೆ ಎಂಬವನು ಎರಡು ತೂಕ ಕೊಟ್ಟು ಯಾವುದು ಭಾರ ಎಂದು ಕೇಳಿದ. ಎಲ್ಲರೂ ಸರಿಯಾಗಿ ಹೇಳಿದರು. ಹೇಗೆ ಗೊತ್ತಾಯಿತು ಎಂದರೆ ಉತ್ತರ ಇಲ್ಲ. ಮನಸ್ಸಿನಲ್ಲಿ ಚಿತ್ರವೂ ಇಲ್ಲ, ಮಾತೂ ಇಲ್ಲ, ಸುಮ್ನೆ ಗೊತ್ತಾಯಿತು! ಟಿಚನರ್ ಕಡೆಯವರು 'ಸರಿಯಾಗಿ ನೋಡಿಲ್ಲ, ಇದ್ದೇ ಇರುತ್ತದೆ' ಅಂದರು. ಅವನ ಮನಸ್ಸು ಅವನು ನೋಡುತ್ತಾನೆ, ಇವನ ಮನಸ್ಸು ಇವನು. ಯಾರು ಸರಿ ಎಂದು ಮೂರನೆಯವನು ಹೇಳುವುದು ಹೇಗೆ? ಜಗಳ ಬಗೆಹರಿಯಲೇ ಇಲ್ಲ.

ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನು ಯಾಕೆ ಬಾಯಿಪಾಠ ಮಾಡಿದ?

ಪದ್ಯ ಬಾಯಿಪಾಠ ಮಾಡಿದರೆ ಪ್ರಾಸ, ಅರ್ಥ, ಹಳೆಯ ನೆನಪು ಎಲ್ಲ ಸಹಾಯಕ್ಕೆ ಬರುತ್ತವೆ. ನೆನಪಿನ ಶಕ್ತಿ ಎಷ್ಟು, ಅರ್ಥದ ಸಹಾಯ ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೆ ಅವನು ವ್ಯಂಜನ-ಸ್ವರ-ವ್ಯಂಜನ ಸೇರಿಸಿ ಸುಮಾರು 2,300 ಅರ್ಥವಿಲ್ಲದ ಉಲಿಗಳನ್ನು ತಯಾರಿಸಿದ. ಅವುಗಳ ಪಟ್ಟಿ ಮಾಡಿ, ಒಂದೇ ವೇಗದಲ್ಲಿ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೆ ಕಲಿತ. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಕೂತವನೂ ಅವನೇ. ವರ್ಷಗಟ್ಟಲೆ.

ಇದರ ಕಷ್ಟ ನೋಡಲು ನಾನೊಮ್ಮೆ ಕನ್ನಡದಲ್ಲಿ ಅಂಥ ಪಟ್ಟಿ ಮಾಡಲು ಕೂತೆ. 'ಟಗು', 'ಮಿಸ', 'ಗಲು' ಎಂದು ಬರೆಯುತ್ತಾ ಹೋದರೆ ಎರಡರಲ್ಲಿ ಒಂದು ಯಾವುದೋ ಪದದ ತುಂಡಿನ ಹಾಗೆ ಕೇಳುತ್ತದೆ. 'ಮಿಸ' ಅಂದ ತಕ್ಷಣ ಮೀಸೆ ಬಂತು, 'ಗಲು' ಅಂದರೆ ಗೆಲುವು. ಹನ್ನೆರಡು ಉಲಿ ಹೊಂದಿಸುವಷ್ಟರಲ್ಲಿ ಸಾಕಾಯಿತು. ಮನಸ್ಸು ಅರ್ಥ ಹುಡುಕದೆ ಸುಮ್ಮನಿರುವುದೇ ಇಲ್ಲ. ಎಬ್ಬಿಂಗ್‌ಹೌಸ್‌ಗೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗಲಿಲ್ಲ, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ.

ಅವನ ನಿಜವಾದ ಜಾಣತನ ಇರುವುದು ಅಳತೆಯಲ್ಲಿ. 'ಎಷ್ಟು ನೆನಪಿದೆ?' ಎಂದು ಅವನು ಕೇಳಲೇ ಇಲ್ಲ. 'ಮತ್ತೆ ಕಲಿಯಲು ಎಷ್ಟು ಕಡಿಮೆ ಸಮಯ ಸಾಕಾಯಿತು?' ಎಂದು ಕೇಳಿದ. ಮೊದಲ ಸಲ 10 ನಿಮಿಷ ಹಿಡಿದದ್ದು ಎರಡನೇ ಸಲ 6 ನಿಮಿಷದಲ್ಲಿ ಆದರೆ ಉಳಿತಾಯ ಶೇ. 40. ಒಂದು ಉಲಿಯೂ ನೆನಪಿಲ್ಲ ಅನ್ನಿಸಿದರೂ ಒಳಗೆ ಏನೋ ಉಳಿದಿದೆ ಎಂದು ಇದರಿಂದ ಗೊತ್ತಾಗುತ್ತದೆ. ಅವನ ಲೆಕ್ಕದಲ್ಲಿ 20 ನಿಮಿಷದ ನಂತರ ಉಳಿತಾಯ ಸುಮಾರು ಶೇ. 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, 31 ದಿನಕ್ಕೆ 21. ಮೊದಲ ಗಂಟೆಯಲ್ಲಿ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನ. ಪುಸ್ತಕ ಬಂದದ್ದು 1885ರಲ್ಲಿ.

ಇಂಟರ್‌ನೆಟ್ಟಿನಲ್ಲಿ 'ಓದಿದ್ದರಲ್ಲಿ ಮರುದಿನಕ್ಕೆ ಮೂರನೇ ಎರಡು ಭಾಗ ಮರೆಯುತ್ತೀರಿ' ಎಂದು ಓಡಾಡುವುದು ಇದೇ ಅಂಕಿಯ ತಿರುಚಿದ ರೂಪ. ಅದು ಒಬ್ಬ ಮನುಷ್ಯ, ಅರ್ಥವಿಲ್ಲದ ಉಲಿ. ನೀವು ಓದಿ ಅರ್ಥಮಾಡಿಕೊಂಡ ಪಾಠಕ್ಕೆ ಅದೇ ಅಂಕಿ ಹಚ್ಚಬೇಡಿ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಏನು ಮಾಡಿದ?

ಪ್ರಯೋಗ ಅಂದರೆ ಅವನಿಗೆ ಬೇಜಾರು, ಬರವಣಿಗೆ ಅದ್ಭುತ. ಹನ್ನೆರಡು ವರ್ಷ ಬರೆದ ದೊಡ್ಡ ಪುಸ್ತಕ 1890ರಲ್ಲಿ ಬಂತು. ಈಗಷ್ಟೇ ಮನಸ್ಸಿನಲ್ಲಿರುವ ನೆನಪು ಬೇರೆ, ಹೋಗಿ ಮತ್ತೆ ಬರುವ ನೆನಪು ಬೇರೆ ಎಂದು ಅದರಲ್ಲಿ ಹೇಳಿದ್ದಾನೆ. 1960ರ ದಶಕದವರು ಅದನ್ನೇ ಮತ್ತೆ ಎತ್ತಿಕೊಂಡರು.

ವರ್ತನಾವಾದಿಗಳು ಮನಸ್ಸೇ ಇಲ್ಲ ಅಂದರಾ?

ಇದು ಗೈಡ್ ಪುಸ್ತಕಗಳ ದೊಡ್ಡ ತಪ್ಪು. 1913ರಲ್ಲಿ ಈ ಪಂಥ ಶುರುಮಾಡಿದ ಅಮೆರಿಕದ ವಾಟ್ಸನ್ ಹೇಳಿದ್ದು ಇಷ್ಟು: ಅಂತರಾವಲೋಕನದ ಜಗಳ ಬಗೆಹರಿಯುವುದಿಲ್ಲ, ಅದನ್ನು ಬಿಟ್ಟು ಎಲ್ಲರಿಗೂ ಕಾಣುವ ವರ್ತನೆಯನ್ನು ಅಭ್ಯಾಸ ಮಾಡೋಣ. ಮೇಲಿನ ತೂಕದ ಜಗಳ ನೋಡಿದರೆ ಅವನ ಸಿಟ್ಟು ಅರ್ಥವಾಗುತ್ತದೆ. ಆಮೇಲೆ ಬಂದ ಹೆಸರಾಂತ ವರ್ತನಾವಾದಿ ಸ್ಕಿನ್ನರ್ ಕೂಡ ಒಳಗಿನ ಯೋಚನೆ ಇಲ್ಲ ಅನ್ನಲಿಲ್ಲ. ಅದೂ ಒಂದು ವರ್ತನೆ, ಅದನ್ನೇ ಕಾರಣ ಎಂದು ತೋರಿಸಬೇಡಿ ಅಂದ.

ಇನ್ನೊಂದು ಮಾತು. ಈ ವಾದ ಜೋರಾಗಿದ್ದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅದೇ ಕಾಲದಲ್ಲಿ ಜಿನೀವಾದಲ್ಲಿ ಪಿಯಾಜೆ ಮಕ್ಕಳ ಯೋಚನೆಯ ಬಗ್ಗೆ ಬರೆಯುತ್ತಿದ್ದ. ರಷ್ಯಾದಲ್ಲಿ ವೈಗಾಟ್ಸ್‌ಕಿ, ಜರ್ಮನಿಯಲ್ಲಿ ಗೆಸ್ಟಾಲ್ಟ್ ಪಂಥದವರು (ಮನಸ್ಸು ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ನೋಡುತ್ತದೆ ಎಂದವರು), ಕೇಂಬ್ರಿಡ್ಜ್‌ನಲ್ಲಿ ಬಾರ್ಟ್‌ಲೆಟ್ ಇದ್ದರು. ಮನಸ್ಸು ಐವತ್ತು ವರ್ಷ ವನವಾಸ ಹೋಗಿ ಬಂತು ಅನ್ನುವ ಕಥೆ ಕೇಳಲು ಚೆಂದ. ಅಮೆರಿಕದ ಆಚೆಗೆ ಅದು ಹೊಂದುವುದಿಲ್ಲ.

ಇಲಿಯ ತಲೆಯಲ್ಲಿ ನಕ್ಷೆ ಇದೆ ಎಂದವರು ಯಾರು?

ಬರ್ಕ್‌ಲಿಯ ಟೋಲ್ಮನ್. ತನ್ನನ್ನು ವರ್ತನಾವಾದಿ ಎಂದೇ ಕರೆದುಕೊಳ್ಳುತ್ತಿದ್ದವನು! 1930ರಲ್ಲಿ ಅವನೂ ಹಾಂಜಿಕ್ ಎಂಬವನೂ ಮೂರು ಗುಂಪು ಇಲಿಗಳನ್ನು ದಿನಾ ಒಂದು ಜಟಿಲ ದಾರಿಯಲ್ಲಿ ಬಿಟ್ಟರು. ಒಂದು ಗುಂಪಿಗೆ ಕೊನೆಯಲ್ಲಿ ದಿನಾ ಊಟ. ಇನ್ನೊಂದಕ್ಕೆ ಯಾವತ್ತೂ ಇಲ್ಲ. ಮೂರನೆಯದಕ್ಕೆ ಹತ್ತು ದಿನ ಏನೂ ಇಲ್ಲ, 11ನೇ ದಿನದಿಂದ ಊಟ. ಹತ್ತು ದಿನ ಅಡ್ಡಾದಿಡ್ಡಿ ಅಲೆಯುತ್ತಿದ್ದ ಮೂರನೇ ಗುಂಪು ಊಟ ಸಿಕ್ಕಿದ ಮರುದಿನವೇ ಮೊದಲ ಗುಂಪಿಗೆ ಸಮನಾಗಿ ಓಡಿತು. ಅಂದರೆ ಬಹುಮಾನ ಇಲ್ಲದಿದ್ದಾಗಲೂ ದಾರಿ ಕಲಿಯುತ್ತಲೇ ಇತ್ತು, ತೋರಿಸಲು ಕಾರಣ ಇರಲಿಲ್ಲ. 1948ರ ಲೇಖನದಲ್ಲಿ ಇದಕ್ಕೆ 'ಕಾಗ್ನಿಟಿವ್ ಮ್ಯಾಪ್' ಎಂದು ಹೆಸರಿಟ್ಟ.

ಬಾರ್ಟ್‌ಲೆಟ್‌ನ 'ದೆವ್ವಗಳ ಯುದ್ಧ'ದ ಕಥೆ ಏನು?

ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಅವನು ಇಂಗ್ಲಿಷರಿಗೆ ಓದಲು ಕೊಟ್ಟ. ಸ್ವಲ್ಪ ಹೊತ್ತಿನ ನಂತರ, ದಿನಗಳ ನಂತರ, ಕೆಲವರಿಗೆ ವರ್ಷಗಳ ನಂತರ ಅದನ್ನೇ ಹೇಳಿಸಿದ. ಕಥೆ ಚಿಕ್ಕದಾಗುತ್ತಾ ಹೋಯಿತು. ಉದ್ದನೆಯ, ಕಿರಿದಾದ 'ಕನೂ' ಬರೀ 'ದೋಣಿ' ಆಯಿತು. ದೆವ್ವಗಳ ಭಾಗ ತಲೆಬುಡ ಸಿಗದೆ ಬಿಟ್ಟುಹೋಯಿತು. ಓದುವವರು ತಮಗೆ ಗೊತ್ತಿರುವ ಅಚ್ಚಿಗೆ ಕಥೆಯನ್ನು ಒತ್ತಿದ್ದರು. ಆ ಅಚ್ಚಿಗೆ ಅವನು 'ಸ್ಕೀಮಾ' ಎಂದ. 1932ರ ಪುಸ್ತಕ. ನೆನಪು ಅಂದರೆ ಟ್ರಂಕಿನಿಂದ ಹಳೆ ಸೀರೆ ತೆಗೆದ ಹಾಗಲ್ಲ, ಪ್ರತಿ ಸಲ ಹೊಸದಾಗಿ ನೇಯ್ದ ಹಾಗೆ ಎಂಬುದು ಅದರ ತಿರುಳು. ಎಬ್ಬಿಂಗ್‌ಹೌಸ್ ಅರ್ಥವನ್ನು ಹೊರಗಿಟ್ಟ, ಬಾರ್ಟ್‌ಲೆಟ್ ಅದನ್ನೇ ನಡುಮನೆಗೆ ತಂದ. ಇಬ್ಬರೂ ಬೇಕಾಗಿತ್ತು.

ಎರಡನೇ ಮಹಾಯುದ್ಧಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ಬ್ರಿಟನ್ನಿನ ವಾಯುಪಡೆಯಲ್ಲಿದ್ದ, ಆಮೇಲೆ ಮನೋವಿಜ್ಞಾನಿಯಾದ ಬ್ರಾಡ್‌ಬೆಂಟ್ ತರಬೇತಿಯ ವಿಮಾನಗಳಲ್ಲಿ ಒಂದು ವಿಷಯ ಗಮನಿಸಿದ್ದ. ಸೀಟಿನ ಕೆಳಗೆ ಒಂದೇ ಥರದ ಎರಡು ಲಿವರ್. ಒಂದು ಚಕ್ರ ಎತ್ತಲು, ಇನ್ನೊಂದು ರೆಕ್ಕೆಯ ಫ್ಲಾಪ್‌ಗೆ. ಪೈಲಟ್‌ಗಳು ಮತ್ತೆ ಮತ್ತೆ ತಪ್ಪು ಲಿವರ್ ಎಳೆದು ಲಕ್ಷಗಟ್ಟಲೆ ಬೆಲೆಯ ವಿಮಾನವನ್ನು ಹೊಲದಲ್ಲಿ ಇಳಿಸುತ್ತಿದ್ದರು. ಇದಕ್ಕೆ ವರ್ತನಾವಾದಿಗಳ ಬಹುಮಾನ-ಶಿಕ್ಷೆಯ ಲೆಕ್ಕದಲ್ಲಿ ಉತ್ತರ ಇಲ್ಲ. ತಪ್ಪು ಮಾಡಿದರೆ ಸಾವೇ ಶಿಕ್ಷೆ, ಆದರೂ ತಪ್ಪು ನಡೆಯುತ್ತದೆ.

ರಾಡಾರ್ ಪರದೆ ನೋಡುತ್ತಾ ಕೂತವರದ್ದು ಇನ್ನೊಂದು ಸಮಸ್ಯೆ. ಹೊತ್ತು ಕಳೆದಂತೆ ಶತ್ರು ಜಲಾಂತರ್ಗಾಮಿಯ ಚುಕ್ಕೆ ಕಣ್ಣೆದುರೇ ಬಂದರೂ ತಪ್ಪಿಹೋಗುತ್ತಿತ್ತು. ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದ. ಬಿಳಿ ಹಲಗೆಯ ಮೇಲೆ ಒಂದು ಮುಳ್ಳು, ಸೆಕೆಂಡಿಗೊಂದು ಹೆಜ್ಜೆ. ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ, ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಇದೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆಯೇ ಜನ ತಪ್ಪಿಸಲು ಶುರುಮಾಡಿದರು. ಸಿಸಿಟಿವಿ ಮುಂದೆ ರಾತ್ರಿಯೆಲ್ಲ ಕೂರುವ ಸೆಕ್ಯುರಿಟಿಯವರನ್ನು ಬೈಯುವ ಮುಂಚೆ ಈ ಗಡಿಯಾರ ನೆನಪಿಸಿಕೊಳ್ಳಿ.

1953ರಲ್ಲಿ ಕಾಲಿನ್ ಚೆರ್ರಿ ಹೆಡ್‌ಫೋನ್ ಹಾಕಿಸಿ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿದ. ಒಂದು ಕಿವಿಯ ಮಾತನ್ನು ಹಿಂದೆಯೇ ಜೋರಾಗಿ ಹೇಳುತ್ತಾ ಹೋಗಬೇಕು. ಇನ್ನೊಂದು ಕಿವಿಯಲ್ಲಿ ಏನಿತ್ತು? ಗಂಡಸಿನ ದನಿ ಹೆಂಗಸಿನದಾದದ್ದು ಗೊತ್ತಾಗುತ್ತಿತ್ತು. ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಬದಲಾದದ್ದು ಗೊತ್ತಾಗುತ್ತಿರಲಿಲ್ಲ! ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು ಮಾತ್ರ ಕೇಳುತ್ತದಲ್ಲ, ಅದರ ಗುಟ್ಟು ಇದು. ಬ್ರಾಡ್‌ಬೆಂಟ್ 1958ರಲ್ಲಿ ಇದಕ್ಕೆ ಸೋಸುವ ಜರಡಿಯ ಸಿದ್ಧಾಂತ ಕೊಟ್ಟ: ದನಿ, ದಿಕ್ಕಿನಂಥ ಮೇಲುಮೇಲಿನ ಗುರುತು ನೋಡಿ ಒಂದನ್ನು ಒಳಬಿಡುತ್ತದೆ, ಉಳಿದದ್ದು ಹೊರಗೇ. ಮರುವರ್ಷವೇ ಮೋರೆ ಎಂಬವನು ತೂತು ಹುಡುಕಿದ. ಬೇಡದ ಕಿವಿಯಲ್ಲಿ ತಮ್ಮ ಹೆಸರು ಬಂದರೆ ಮೂರರಲ್ಲಿ ಒಬ್ಬರಷ್ಟು ಜನ ಗುರುತಿಸುತ್ತಿದ್ದರು. ಜರಡಿ ಹೊರಗಿಟ್ಟಿದ್ದರೆ ಹೆಸರು ಕೇಳಿದ್ದು ಹೇಗೆ?

1956ರ ಸೆಪ್ಟೆಂಬರ್ 11 ಯಾಕೆ ಮುಖ್ಯ?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಹಿತಿ ಸಿದ್ಧಾಂತದ ಸಮ್ಮೇಳನ. ಒಂದೇ ದಿನ ನ್ಯೂವೆಲ್ ಮತ್ತು ಸೈಮನ್ ತರ್ಕ ಮಾಡುವ ಪ್ರೋಗ್ರಾಂ ಬಗ್ಗೆ ಹೇಳಿದರು, ಭಾಷಾವಿಜ್ಞಾನಿ ಚಾಮ್‌ಸ್ಕಿ ವ್ಯಾಕರಣದ ಬಗ್ಗೆ, ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅಲ್ಪಕಾಲದ ನೆನಪಿನ ಬಗ್ಗೆ. ಈ ಮೂರೂ ಒಂದೇ ದೊಡ್ಡ ಕೆಲಸದ ತುಂಡುಗಳು ಎಂದು ಮಿಲ್ಲರ್‌ಗೆ ಅನ್ನಿಸಿತು. ಆ ದಿನವನ್ನೇ ಹುಟ್ಟುಹಬ್ಬ ಎಂದು ಆಮೇಲೆ ಬರೆದವನೂ ಅವನೇ. ಹುಟ್ಟಿದ ದಿನವನ್ನು ಮಗು ತಾನೇ ನಿಶ್ಚಯಿಸಿದ ಹಾಗೆ!

ನನಗೆ ಆ ದಿನಕ್ಕಿಂತ ಅದೇ ವರ್ಷದ ಜನವರಿ ಇಷ್ಟ. ಸೈಮನ್‌ನ ಪ್ರೋಗ್ರಾಂ ಕಾಗದದ ಮೇಲಿತ್ತು, ಕಂಪ್ಯೂಟರಿನಲ್ಲಿ ಇನ್ನೂ ಓಡಿರಲಿಲ್ಲ. ಅವನು ಹೆಂಡತಿ, ಮೂವರು ಮಕ್ಕಳು, ಕೆಲವು ವಿದ್ಯಾರ್ಥಿಗಳನ್ನು ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಟ್ಟ. ಒಬ್ಬೊಬ್ಬರೂ ಪ್ರೋಗ್ರಾಂನ ಒಂದೊಂದು ಭಾಗ. ಕಾರ್ಡಿನಲ್ಲಿ ಬರೆದಷ್ಟೇ ಮಾಡಬೇಕು. ಹೀಗೆ ಮನೆಮಂದಿಯೇ ಕಂಪ್ಯೂಟರ್ ಆಗಿ ಅದನ್ನು ನಡೆಸಿದರು. ಯಾರೊಬ್ಬರಿಗೂ ಪೂರ್ತಿ ಗೊತ್ತಿರಬೇಕಾಗಿಲ್ಲ, ಒಟ್ಟಾಗಿ ಕೆಲಸ ನಡೆಯುತ್ತದೆ. ಯೋಚನೆ ಅಂದರೆ ಸಣ್ಣ ಸಣ್ಣ ಹೆಜ್ಜೆಗಳ ಸರಣಿ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ? ಆಮೇಲೆ ಯಂತ್ರದಲ್ಲಿ ಓಡಿದಾಗ ಅದು ರಸೆಲ್ ಮತ್ತು ವೈಟ್‌ಹೆಡ್ ಅವರ ಗಣಿತ ಗ್ರಂಥದ ಒಂದು ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು.

ನಮ್ಮ ತಲೆಯಲ್ಲಿ ಏಳೇ ವಿಷಯ ನಿಲ್ಲುತ್ತದಾ?

'ಏಳು, ಎರಡು ಹೆಚ್ಚು ಕಡಿಮೆ' ಮಿಲ್ಲರ್‌ನ 1956ರ ಲೇಖನದ ಹೆಸರು. ಆದರೆ ಕೊನೆಯಲ್ಲಿ ಈ ಏಳು ಬರೀ ಕಾಕತಾಳೀಯ ಇರಬಹುದು ಎಂದು ಅವನೇ ಅನುಮಾನಪಟ್ಟಿದ್ದಾನೆ. ಆ ಭಾಗ ಯಾರೂ ಓದುವುದಿಲ್ಲ! ಲೇಖನದ ಜೀವ ಇರುವುದು 'ಚಂಕ್' ಅಂದರೆ ಗಂಟು ಕಟ್ಟುವ ವಿಚಾರದಲ್ಲಿ. 1947195619731950 ಎಂದರೆ 16 ಅಂಕಿ, ನಿಲ್ಲುವುದಿಲ್ಲ. ಸ್ವಾತಂತ್ರ್ಯ, ಏಕೀಕರಣ, ಕರ್ನಾಟಕ ಎಂಬ ಹೆಸರು, ಗಣರಾಜ್ಯ ಎಂದು ನೋಡಿದರೆ ನಾಲ್ಕೇ ಗಂಟು. 2001ರಲ್ಲಿ ಕೋವನ್ ಎಂಬವನು ಗಂಟುಗಳ ಲೆಕ್ಕ ಸುಮಾರು ನಾಲ್ಕು ಎಂದು ವಾದಿಸಿದ, ಈಗ ಹೆಚ್ಚಿನವರು ಅದರ ಹತ್ತಿರವೇ ಇದ್ದಾರೆ.

ಚಾಮ್‌ಸ್ಕಿ ಸ್ಕಿನ್ನರ್‌ನನ್ನು ಸೋಲಿಸಿದನಾ?

ಭಾಷೆಯೂ ಬಹುಮಾನದಿಂದ ಕಲಿಯುವ ವರ್ತನೆಯೇ ಎಂದು ಸ್ಕಿನ್ನರ್ 1957ರಲ್ಲಿ ಪುಸ್ತಕ ಬರೆದ, 1959ರಲ್ಲಿ ಚಾಮ್‌ಸ್ಕಿ ಅದರ ಕಟು ವಿಮರ್ಶೆ ಬರೆದ. ಹಿಂದೆಂದೂ ಕೇಳದ ವಾಕ್ಯವನ್ನು ಮಗು ಹೇಗೆ ಆಡುತ್ತದೆ ಎಂಬುದು ಮುಖ್ಯ ಪ್ರಶ್ನೆ. 'ನಾಯಿ ಬಂದಿತು' ಕಲಿತ ಮಗು 'ಚಂದಮಾಮ ಬಿದ್ದಿತು' ಅನ್ನುತ್ತದೆ, ಯಾರೂ ಹೇಳಿಕೊಟ್ಟಿರುವುದಿಲ್ಲ. ವಿಮರ್ಶೆಯ ಪ್ರಭಾವ ದೊಡ್ಡದು. ಆದರೆ ಸ್ಕಿನ್ನರ್ ಹಿಂಬಾಲಕರು ಸೋಲು ಒಪ್ಪಲಿಲ್ಲ. ಅವರ ವಿಧಾನಗಳು ಇವತ್ತೂ ಚಿಕಿತ್ಸೆಯಲ್ಲಿ, ಮಕ್ಕಳ ತರಬೇತಿಯಲ್ಲಿ ಬಳಕೆಯಲ್ಲಿವೆ.

ಎಚ್.ಎಂ. ಯಾರು?

ಅಮೆರಿಕದ ಹೆನ್ರಿ ಮೊಲೈಸನ್. ಫಿಟ್ಸ್ ತಡೆಯಲು 1953ರಲ್ಲಿ, 27ನೇ ವಯಸ್ಸಿನಲ್ಲಿ ಅವನ ಮೆದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಹೊಸ ನೆನಪು ಕೂರಲೇ ಇಲ್ಲ. ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟಳು. ಮೂರು ದಿನದಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿದಿನವೂ ಅವನಿಗೆ ಅದು ಹೊಚ್ಚಹೊಸ ಕೆಲಸ. ಕೈಗೆ ನೆನಪಿದೆ, ಅವನಿಗಿಲ್ಲ. ನೆನಪು ಒಂದೇ ಥರದ್ದಲ್ಲ ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಆಗ ಇರಲಿಲ್ಲ. 2008ರಲ್ಲಿ ಅವನು ತೀರಿಕೊಳ್ಳುವವರೆಗೆ ಜಗತ್ತಿಗೆ ಗೊತ್ತಿದ್ದದ್ದು ಎರಡು ಅಕ್ಷರ ಮಾತ್ರ.

ಹಾಗಾದರೆ 1967ರಲ್ಲಿ ಏನಾಯಿತು?

ಉಲ್ರಿಕ್ ನೈಸರ್ ಇವನ್ನೆಲ್ಲ ಒಂದೇ ಪುಸ್ತಕದಲ್ಲಿ ಜೋಡಿಸಿ 'ಕಾಗ್ನಿಟಿವ್ ಸೈಕಾಲಜಿ' ಎಂದು ಹೆಸರಿಟ್ಟ. ಅದುವರೆಗೆ ಚದುರಿದ್ದವರಿಗೆ ಒಂದು ವಿಳಾಸ ಸಿಕ್ಕಿತು. ಒಂಬತ್ತೇ ವರ್ಷಕ್ಕೆ, 1976ರಲ್ಲಿ, ಅವನೇ ಇನ್ನೊಂದು ಪುಸ್ತಕ ಬರೆದು, ಪ್ರಯೋಗಶಾಲೆಯ ಒಳಗೇ ಸುತ್ತುತ್ತಿದ್ದೀರಿ, ಹೊರಗಿನ ಬದುಕನ್ನು ನೋಡಿ ಎಂದು ತನ್ನವರನ್ನೇ ತರಾಟೆಗೆ ತೆಗೆದುಕೊಂಡ.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಜಾಗ ಇದೆಯಾ?

ನೇರವಾಗಿ ಇಲ್ಲ. ಆದರೆ ಮೈಸೂರಿನಲ್ಲಿ 1924ರಷ್ಟು ಹಿಂದೆಯೇ ಮನೋವಿಜ್ಞಾನ ವಿಭಾಗ ಶುರುವಾಯಿತು, ಭಾರತದಲ್ಲಿ ಕಲ್ಕತ್ತಾದ ನಂತರದ್ದು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ಶುರುಮಾಡಿದವರೂ ಇವರೇ. ಆ ಹೆಸರೇ ಆಮೇಲೆ ದೇಶಕ್ಕೆಲ್ಲ ಆಯಿತು. ಜನ ಅವರನ್ನು ನೆನೆಯುವುದು ರೇಡಿಯೋಗೆ, ಪ್ರಯೋಗಶಾಲೆಗಲ್ಲ.

ಮನೆಯಲ್ಲೇ ಮಾಡಿ ನೋಡುವಂಥ ಹಳೆಯ ಪ್ರಯೋಗ ಯಾವುದಾದರೂ ಇದೆಯಾ?

ಬ್ರಾಡ್‌ಬೆಂಟ್‌ನದ್ದು ಮಾಡಿ. ಅವನು ಹೆಡ್‌ಫೋನ್ ಬಳಸಿದ್ದ, ನಿಮಗೆ ಮೂರು ಜನ ಸಾಕು. ಒಬ್ಬರನ್ನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿಸಿ. ಎಡಕಿವಿ ಪಕ್ಕ ಒಬ್ಬರು, ಬಲಕಿವಿ ಪಕ್ಕ ಒಬ್ಬರು. ಎಡದವರು 'ಏಳು, ಎರಡು, ಮೂರು' ಅನ್ನುವಾಗಲೇ ಬಲದವರು 'ಒಂಬತ್ತು, ನಾಲ್ಕು, ಐದು' ಅನ್ನಬೇಕು, ಒಟ್ಟೊಟ್ಟಿಗೆ, ಸೆಕೆಂಡಿಗೆ ಎರಡು ಜೊತೆಯಂತೆ, ಮೆಲುದನಿಯಲ್ಲಿ. ಮುಗಿದ ಕೂಡಲೇ ಕೂತವರು ಕೇಳಿದ್ದನ್ನೆಲ್ಲ ಹೇಳಲಿ. ಕಿವಿಗೆ ಬಿದ್ದ ಕ್ರಮ ಏಳು-ಒಂಬತ್ತು, ಎರಡು-ನಾಲ್ಕು, ಮೂರು-ಐದು. ಅವನ ಪ್ರಯೋಗದಲ್ಲಿ ಜನ ಹೇಳಿದ್ದು ಹೆಚ್ಚಾಗಿ ಒಂದು ಕಿವಿಯದ್ದೆಲ್ಲ ಮೊದಲು, ಆಮೇಲೆ ಇನ್ನೊಂದರದ್ದು. ನಮ್ಮ ಮನೆಯಲ್ಲಿ ಮೊದಲ ನಾಲ್ಕು ಸಲ ಬರೀ ನಗುವೇ ಆಯಿತು. ಇಬ್ಬರೂ ಸರಿಯಾಗಿ ಒಟ್ಟಿಗೆ ಓದಲು ಮೇಜಿನ ಮೇಲೆ ಚಮಚದಿಂದ ತಾಳ ಹಾಕಬೇಕಾಯಿತು.